ಎಂಟನೇ ಕಮಾನು ಪಟ್ಟಿ

23-1-66, ಭಾನುವಾರ

ಮೋರಿಸ್ ಕಾರಿನ ಹಿಂಭಾಗ ಎತ್ತಿ ಚಿರೆಕಲ್ಲಿನ ಮೇಲೆ ಕೂರಿಸಿದೆ. ಜಾಕ್ ಎರಡು ಸಲ ಜಾರಿತು. ಮೊದಲ ಸಲದ್ದು ನನ್ನ ತಪ್ಪು. ಎರಡನೆಯದು ಅಲ್ಲ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಒಂದು ಕಲ್ಲು ಎಗರಿಸಿದ್ದರು. ಅವ್ವನನ್ನು ಕೇಳಿದೆ.

"ಬಚ್ಚಲಿಗೆ ಒಂದು ಬೇಕಿತ್ತು, ತಗಂಡೆ. ಕಾರಿಗೆ ಮೂರು ಸಾಲ್ದಾ?" ಅಂದರು.

ನೋಡಿ ಮತ್ತೆ. ನನಗೆ ಎಲ್ಲದರಲ್ಲೂ ಅನುಮಾನ ಅಂತ ಮನೆಯವರೆಲ್ಲ ನಗುತ್ತಾರೆ. ಅನುಮಾನ ಪಡದಿದ್ದರೆ ಇವತ್ತು ಕಾರಿನ ಅಡಿ ಅಪ್ಪಚ್ಚಿ ಆಗುತ್ತಿದ್ದೆ.

ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟಿಗಳನ್ನು ಬಿಚ್ಚಿ ಗೋಣಿಯ ಮೇಲೆ ಹರವಿದೆ. ಒಂದು ಕಡೆಗೆ ಏಳು. ತುಕ್ಕು, ಕೆಸರು, ಒಂದು ಸತ್ತ ಚೇಳು. ಎರಡೂ ಕಡೆಗೆ ಎಂಟನೆಯದೊಂದು ಸೇರಿಸಬೇಕು. ಶಾಕ್ ಅಬ್ಸಾರ್ಬರಿಗೆ ಗಟ್ಟಿ ಎಣ್ಣೆ. ಮುಂದೆ ಎರಡು ಚಕ್ರಕ್ಕೂ ಕೂಡಿಸಿ ಒಂದು ಅಡ್ಡ ಸಲಾಕೆ — ತಿರುವಿನಲ್ಲಿ ವಾಲದ ಹಾಗೆ. ಇಂಗ್ಲಿಷ್ ಮ್ಯಾಗಜಿನ್‌ನಲ್ಲಿ ಚಿತ್ರ ಸಮೇತ ಇದೆ. ಅಲ್ಲಿಯವರು ಇದನ್ನೆಲ್ಲ ರೇಸಿಗೆ ಮಾಡಿಕೊಳ್ಳುತ್ತಾರಂತೆ. ನನಗೆ ರೇಸು ಬೇಡ. ಹೆಂಡತಿ ಶಾಂತ ಸುಸೂತ್ರವಾಗಿ ಘಟ್ಟ ಇಳಿದರೆ ಸಾಕು.

ನವೆಂಬರಿನಲ್ಲಿ ಹುಲಿಕಲ್ ಘಟ್ಟ ಇಳಿದದ್ದು ಕಣ್ಣಿಗೆ ಕಟ್ಟಿದೆ. ತಿರುವು ತಿರುವಿಗೂ ಕಾರು ಹೊರಕ್ಕೆ ವಾಲುತ್ತಿತ್ತು. ಹಿಂದಿನ ಸೀಟಿನಲ್ಲಿ ಅವಳು ಆ ಬಾಗಿಲಿಂದ ಈ ಬಾಗಿಲಿಗೆ... ಎರಡೂ ಕೈ ಹೊಟ್ಟೆಯ ಮೇಲೆ. ಕೆಳಗಿನ ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರು ಹೇಳಿಯೇ ಬಿಟ್ಟರು: ಎರಡು ಹೋಗಿವೆ, ಇದು ಮೂರನೆಯದು. ಎಂಟು ತಿಂಗಳು ತುಂಬುವ ಮೊದಲೇ ಇಲ್ಲಿಗೆ ಬಂದು ಮಲಗಬೇಕು. ದಾರಿಯಲ್ಲಿ ಕುಲುಕಾಟ ಆಗಕೂಡದು.

ಹೊಸನಗರದಿಂದ ಕೆಳಗೆ ಬೇರೆ ದಾರಿ ಇಲ್ಲ. ಬಸ್ಸಿನ ಮಾತೇ ಇಲ್ಲ. ಇರುವುದು ಈ ಕಾರು, ನಾನು.

25-1-66

ಕಮ್ಮಾರ ಗಿರಿಯಪ್ಪ ಪಟ್ಟಿಗಳನ್ನು ಬಗ್ಗಿಸಿ ಕೊಟ್ಟ. ನಾನು ಕೊಟ್ಟ ಉಕ್ಕೇ ಇದು? ಮೊನ್ನೆ ಕೊಡುವಾಗ ಒಳಮೈಗೆ ಉಳಿಯಿಂದ ಸಣ್ಣದೊಂದು ಗುರುತು ಹಾಕಿದ್ದೆ, ಅವನಿಗೆ ಗೊತ್ತಾಗದ ಹಾಗೆ. ಈಗ ಗುರುತಿಲ್ಲ.

"ಬೆಂಕಿಗೆ ಹಾಕಿ ಬಡಿದ್ಮೇಲೆ ಗುರುತು ಎಲ್ಲಿರ್ತದೆ ಗೌಡ್ರೇ" ಅಂದ.

ನಾನು ಗುರುತಿನ ಸುದ್ದಿಯನ್ನೇ ಎತ್ತಿರಲಿಲ್ಲ. ಬೆರಳಲ್ಲಿ ತಡವಿದ್ದನ್ನು ನೋಡಿ ಹೇಳಿದನೋ, ಅಥವಾ... ಹೋಗಲಿ. ಪಟ್ಟಿಯನ್ನು ಮೆಟ್ಟಿ ನೋಡಿದೆ, ಗಟ್ಟಿ ಇದೆ.

30-1-66, ಭಾನು, ಸಂಜೆ

ಆಯಿತು. ಎಲ್ಲ ಕೂರಿಸಿ, ನಟ್ಟುಗಳನ್ನೆಲ್ಲ ಎರಡೆರಡು ಸಲ ಬಿಗಿದು, ನಗರದ ಕೋಟೆಯವರೆಗೆ ಒಬ್ಬನೇ ಓಡಿಸಿಕೊಂಡು ಬಂದೆ. ಕೋಟೆಯ ಹತ್ತಿರದ ತಿರುವನ್ನು ಮೂವತ್ತೈದು ಮೈಲಿ ವೇಗದಲ್ಲಿ ತೆಗೆದೆ. ವಾಲಲಿಲ್ಲ. ಹಿಂದಿರುಗಿ ಬಂದು ಮತ್ತೊಮ್ಮೆ ತೆಗೆದೆ. ಎಮ್ಮೆ ಕಾಯುವ ಮುದುಕ ಎದ್ದು ನಿಂತು ನೋಡಿದ. ಮೂರನೇ ಸಲ ಅವನಿಗೋಸ್ಕರ ತೆಗೆದೆ.

ಎಷ್ಟೋ ವರ್ಷದ ಮೇಲೆ ಇಷ್ಟು ಖುಷಿ. ನನ್ನ ರಸ್ತೆ ಮೋರಿ ಕಂಟ್ರಾಕ್ಟಿನಲ್ಲಿ ಈ ಸುಖ ಇಲ್ಲ. ಅಲ್ಲಿ ಏನು ಕಟ್ಟಿದರೂ ಓವರ್‌ಸಿಯರ್ ಬಂದು ಮೂಗು ಮುರಿಯುತ್ತಾನೆ.

ಕೊರತೆ ಒಂದೇ ಒಂದು. ಖಾಲಿ ಕಾರಿನ ಹಿಂಬದಿ ಸ್ವಲ್ಪ ಎತ್ತಿಕೊಂಡ ಹಾಗೆ ನಿಲ್ಲುತ್ತದೆ. ಓಡಿದ ಹಾಗೆ ಇಳಿಯುತ್ತದೆ.

2-2-66

ಶಾಂತನನ್ನು ಕೂರಿಸಿಕೊಂಡು ನಗರಕ್ಕೆ ಹೋಗಿ ಬಂದೆ. ನಿಧಾನವಾಗಿಯೇ. ಬಾಯಿಬಿಟ್ಟು ಹೊಗಳುತ್ತಾಳೆ ಅಂತ ಕಾದೆ.

"ವಾಲದೇನೋ ನಿಂತದೆ. ಆದ್ರೆ ಸೊಂಟಕ್ಕೆ ಗುದ್ದಿದ ಹಾಂಗೆ ಆಗ್ತದೆ" ಅಂದಳು.

ಮನೆಗೆ ಬಂದರೆ ಅವಳ ತಮ್ಮ ಹೂವಪ್ಪ ಜಗಲಿಯ ಮೇಲೆ ಕೂತಿದ್ದ. ಸಾಗರದಲ್ಲಿ ಸ್ವಂತ ಲಾರಿ ಇಟ್ಟು ಅವನೇ ಓಡಿಸುತ್ತಾನೆ. ದಾರಿಯಲ್ಲಿ ಸಿಕ್ಕಿದಾಗೆಲ್ಲ ಇಲ್ಲೇ ಊಟ. ಕೇಳದೆಯೇ ಕಾರು ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದ.

"ಭಾವ, ಇದಕ್ಕಿಂತ ಎತ್ತಿನ ಗಾಡಿ ವಾಸಿ" ಅಂತ ನಕ್ಕ.

ಶಾಂತನೂ ನಕ್ಕಳು. ಅವ್ವನೂ. ನನಗೆ ಮೈ ಉರಿಯಿತು. ಎಂಟು ದಿನ ಕಾರಿನ ಅಡಿಯಲ್ಲಿ ಬಿದ್ದು ಒದ್ದಾಡಿದವನು ನಾನು. ಬಾಯಿಗೆ ಬಂದದ್ದು ಅಂದೆ. ಲಾರಿಯಲ್ಲಿ ಹಮಾಲಿ ಮಾಡುವವನಿಗೆ ಕಾರಿನ ಸಂಗತಿ ಏನು ತಿಳಿಯುತ್ತದೆ ಅಂತಲೂ ಅಂದೆ. ಅವನು ಊಟ ಮಾಡದೆ ಹೋದ. ಶಾಂತ ಬಾಗಿಲಲ್ಲಿ ನಿಂತು, "ಇನ್ನು ಕಾರಿನ ಸುದ್ದಿ ನಾನು ಎತ್ತದಿಲ್ಲ ಬಿಡಿ" ಅಂದಳು.

ಎತ್ತದಿದ್ದರೆ ಒಳ್ಳೆಯದೇ. ಅಕ್ಕ ತಮ್ಮ ಸೇರಿ ನನ್ನನ್ನು ಆಡಿಕೊಳ್ಳುವುದು ಇವತ್ತು ನಿನ್ನೆಯದಲ್ಲ.

7-2-66

ಮಾಸ್ತಿಕಟ್ಟೆಯ ಮೋರಿ ಕೆಲಸ ನೋಡಿಕೊಂಡು ಹುಲಿಕಲ್ ಗೇಟಿನವರೆಗೆ ಹೋಗಿದ್ದೆ. ಘಟ್ಟದ ಕೆಳಗೆ ಅಕ್ಕಿ ಸಾಗಿಸಬಾರದೆಂದು ಆರ್ಡರ್ ಆದಮೇಲೆ ಅಲ್ಲೊಂದು ಬಿದಿರಿನ ಗೇಟು, ಇಬ್ಬರು ಕಾವಲು. ಅವರಲ್ಲೊಬ್ಬ ಕಾರಿನ ಸುತ್ತ ಸುತ್ತಿ, ಬಗ್ಗಿ, ಹಿಂದಿನ ಕಮಾನು ಎಣಿಸಿದ. ಎಣಿಸಿದ!

"ಹೊಸ ಪಟ್ಟಿ ಹಾಕ್ಸಿದ್ದೀರಾ ಗೌಡ್ರೆ?"

ಹೌದು ಅಂದೆ. ಯಾಕೆ ಅಂತ ಕೇಳಿದೆ.

"ಎಂತ ಇಲ್ಲ. ಅಕ್ಕಿ ಹೊಡಿಯೋರೂ ಇದನ್ನೇ ಮಾಡ್ತಾರೆ. ಡಿಕ್ಕಿ ತುಂಬಾ ಮೂಟೆ ಇದ್ರೂ ಹಿಂದೆ ತಗ್ಗದಿಲ್ಲ ನೋಡಿ. ಕಾರು ಹಿಡಿದ್ರೆ ಬಿಡೋದು ಕಷ್ಟ. ವಾರಗಟ್ಲೆ ಇಲ್ಲೇ ಬಿದ್ದಿರ್ತಾವೆ."

ಡಿಕ್ಕಿ ತೆಗೆದು ತೋರಿಸಿದೆ. ಖಾಲಿ. ಆದರೂ ಅವನ ಮುಖದಲ್ಲಿ ನಂಬಿಕೆ ಇಲ್ಲ. ಅನುಮಾನದ ಜನ ಎಂಥವರಪ್ಪ.

ವಾಪಸ್ ಬರುವಾಗ ತಲೆಗೆ ಹೊಳೆದದ್ದು ಬೇರೆ. ಹೂವಪ್ಪನಿಗೆ ಸಾಗರದ ಅಕ್ಕಿ ಗಿರಣಿಯವರ ಬಾಡಿಗೆಯೇ ಜಾಸ್ತಿ. ಮೊನ್ನೆ ಕೇಳದೆ ಕಾರು ಓಡಿಸಿ ನೋಡಿದ್ದು ಯಾಕೆ?

13-2-66, ಭಾನು

ಶಾಂತನ ತವರು ಸಾಗರಕ್ಕೆ ಹೋಗಿ ಅದೇ ದಿನ ಬಂದೆವು. ಅವಳ ತಾಯಿಗೆ ನೋಡಬೇಕಂತೆ. ಬರುವಾಗ ದನಕ್ಕೆ ಹಿಂಡಿ ಎರಡು ಮೂಟೆ ಡಿಕ್ಕಿಗೆ ಹಾಕಿಕೊಂಡೆ. ಹೋಗುವಾಗ ಸೀಟಿನ ಅಂಚು ಹಿಡಿದು ಕೂತಿದ್ದವಳು ಬರುವಾಗ ನಿದ್ದೆ ಹೋದಳು. ಮನೆ ಬಂದಮೇಲೆ ಎಬ್ಬಿಸಬೇಕಾಯಿತು.

"ಇವತ್ತು ಹಾಯಾಗಿತ್ತು. ಕಾರಿಗೆ ಎಂತಾರೂ ಮಾಡಿದ್ರಾ?"

ಎಣ್ಣೆ ಪಳಗಿದೆ ಅಂದೆ. ಹೊಸ ಪಟ್ಟಿ, ಹೊಸ ಎಣ್ಣೆ, ಸ್ವಲ್ಪ ದಿನ ಓಡಬೇಕು. ಅವಳು ನಾನು ಡಿಕ್ಕಿಯಿಂದ ಮೂಟೆ ಇಳಿಸುವುದನ್ನು ನೋಡುತ್ತಾ ನಿಂತಳು. ಕೈಯಿಂದ ಒಂದು ಮೂಟೆ ಒತ್ತಿ ನೋಡಿ ಒಳಗೆ ಹೋದಳು.

ಅವಳು ಹಾಯಾಗಿತ್ತು ಅಂದದ್ದಕ್ಕೆ ಬೀಗಿ ಹೋಗಿದ್ದೇನೆ. ಬರೆಯುವುದಕ್ಕೆ ನಾಚಿಕೆ ಇಲ್ಲ.

17-2-66

ಅಂಗಳದ ಮರಳು ರಾಶಿ ಒಂದು ಕಡೆ ಬಗೆದ ಹಾಗಿದೆ. ಮೋರಿಗೆಂದು ಹೊಳೆಯಿಂದ ತರಿಸಿದ್ದು. ಪಕ್ಕದ ಗುತ್ಯಪ್ಪ ಕಾಂಪೌಂಡು ಕಟ್ಟಿಸುತ್ತಿದ್ದಾನೆ. ಕೇಳಲಿಲ್ಲ. ಕೇಳಿದರೆ ಕಳ್ಳ ಹುಷಾರಾಗುತ್ತಾನೆ. ರಾಶಿಯ ಮೇಲೆ ಕೋಲಿನಿಂದ ಗೆರೆ ಎಳೆದು ಇಟ್ಟಿದ್ದೇನೆ. ನೋಡೋಣ.

20-2-66, ಭಾನು

ಹೂವಪ್ಪ ಬಂದಿದ್ದ. ನನ್ನ ಹತ್ತಿರ ಮಾತಿಲ್ಲ. ಬಾವಿಕಟ್ಟೆಯ ಹತ್ತಿರ ಅಕ್ಕ ತಮ್ಮ ಗುಸುಗುಸು. ನಾನು ಹಲ್ಲುಜ್ಜುವ ನೆಪದಲ್ಲಿ ಹೋದೆ, ಮಧ್ಯಾಹ್ನ ಯಾರು ಹಲ್ಲುಜ್ಜುತ್ತಾರೆ ಅಂತ ಆಮೇಲೆ ಹೊಳೆಯಿತು. ಕಿವಿಗೆ ಬಿದ್ದದ್ದು ಶಾಂತನ ಮಾತು, ಒಂದೇ:

"ಭಾವಂಗೆ ಹೇಳ್ಬೇಡ ಮಾರಾಯ. ಮತ್ತೆ ಸಿಟ್ಟಾಗ್ತಾರೆ."

ನನ್ನನ್ನು ಕಂಡದ್ದೇ ಹೂವಪ್ಪ ಕೊಡಪಾನ ಎತ್ತಿಕೊಂಡು ಹೊರಟ, ತುಂಬಾ ಉಪಕಾರ ಮಾಡುವವನ ಹಾಗೆ.

ಬೇಜಾರಾಗಿದೆ. ಹೊರಗಿನವರು ಏನು ಮಾಡಿದರೂ ತಡೆದುಕೊಳ್ಳಬಹುದು. ಮನೆಯೊಳಗೇ ನನಗೆ ಹೇಳಬಾರದ ಮಾತು ಹುಟ್ಟಿತು ಅಂದರೆ...

ಮರಳಿನ ಗೆರೆ ಅಳಿಸಿದೆ. ಅದು ಬೇರೆ.

3-3-66

ಇಷ್ಟು ದಿನ ಬರೆಯಲಿಲ್ಲ. ಬಿಲ್ಲು, ಶಿವಮೊಗ್ಗ, ಓವರ್‌ಸಿಯರ್. ಸೋಮವಾರ ಘಟ್ಟ ಇಳಿಯುವುದೆಂದು ತೀರ್ಮಾನ. ಶಾಂತನಿಗೆ ಕಾಲು ಊತ, ಆದರೆ ಮುಖದಲ್ಲಿ ಕಳೆ ಇದೆ. ಮಗು ಒದೆಯುತ್ತದಂತೆ. ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹೌದು, ಒದೆಯಿತು. ಹಿಂದಿನ ಎರಡು ಇಷ್ಟು ದೂರ ಬಂದಿರಲಿಲ್ಲ.

ಇದನ್ನಷ್ಟೇ ಬರೆದು ನಿಲ್ಲಿಸಬೇಕಿತ್ತು. ಆದರೆ ಸಂಜೆ ಸ್ಪ್ಯಾನರ್ ಹುಡುಕಲು ಡಿಕ್ಕಿ ತೆಗೆದೆ. ಎರಡು ಮೂಟೆ. ಮೇಲೆ ಹಳೇ ಜಮಖಾನ ಮುಚ್ಚಿದೆ. ಗಿರಣಿಯ ಸೀಲು ಇರುವ ಗೋಣಿ. ಅದೂ ಒಂದರೊಳಗೊಂದು ಹಾಕಿ, ಬಾಯಿ ಹೊಲಿದು... ಕಾಳು ಹೊರಗೆ ಉದುರಬಾರದಲ್ಲ. ಗೋಣಿಯ ನಾರಿನಲ್ಲಿ ಎರಡು ಅಕ್ಕಿಕಾಳು ಸಿಕ್ಕಿಕೊಂಡಿದ್ದವು. ಮತ್ತೇನು ಸಾಕ್ಷಿ ಬೇಕು.

ಬೆಳಿಗ್ಗೆ ಹೂವಪ್ಪ ಬಂದು ಹೋಗಿದ್ದ. ನಾನು ಕಾರು ಮನೆಯಲ್ಲೇ ಬಿಟ್ಟು ಮೋರಿ ಕೆಲಸಕ್ಕೆ ಹೋಗಿದ್ದಾಗ.

5-3-66, ಶನಿವಾರ

ಎರಡು ದಿನ ನೋಡುತ್ತಲೇ ಇದ್ದೇನೆ. ಯಾರೂ ಬಾಯಿ ಬಿಡುತ್ತಿಲ್ಲ. ಹೂವಪ್ಪ ಲೋಡು ಹೇರಿಕೊಂಡು ಹುಬ್ಬಳ್ಳಿಗೆ ಹೋಗಿದ್ದಾನಂತೆ, ಅಲ್ಲಿಂದ ಸೀದಾ ಆಸ್ಪತ್ರೆಗೆ ಬರುತ್ತಾನಂತೆ. ಬರದೆ ಇರುತ್ತಾನಾ? ಅಕ್ಕಿ ಇಳಿಸಿಕೊಳ್ಳಬೇಕಲ್ಲ. ಬಸುರಿ ಹೆಂಗಸು ಮಲಗಿರುವ ಕಾರನ್ನು ಯಾರೂ ತಪಾಸಣೆ ಮಾಡುವುದಿಲ್ಲ ಅಂತ ಲೆಕ್ಕ ಹಾಕಿದ್ದಾನೆ. ಸ್ವಂತ ಅಕ್ಕ. ಥೂ.

ಬಿಚ್ಚಿ ನೋಡಬಹುದು. ಆದರೆ ಹೊಲಿಗೆ ಬಿಚ್ಚಿದರೆ ಗೊತ್ತಾಗುತ್ತದೆ. ಶಾಂತನನ್ನು ಕೇಳಬಹುದು. ಈ ಹೊತ್ತಿನಲ್ಲಿ ಅವಳ ಜತೆ ಜಗಳ ಬೇಡ. ಅವಳಿಗೆ ಏನೂ ಗೊತ್ತಿಲ್ಲದೆಯೂ ಇರಬಹುದು. ಗೊತ್ತಿಲ್ಲ ಅಂತಲೇ ನಂಬುತ್ತೇನೆ.

ಗೇಟಿನವನಿಗೆ ನನ್ನ ಕಮಾನಿನ ಮೇಲೆ ಮೊದಲೇ ಕಣ್ಣು. ಹಿಡಿದು ನಿಲ್ಲಿಸಿದರೆ ಇವಳನ್ನು ಎಲ್ಲಿ ಮಲಗಿಸಲಿ, ಬಿದಿರಿನ ಗೇಟಿನ ಹತ್ತಿರವಾ?

7-3-66, ಬೆಳಿಗ್ಗೆ ಐದೂವರೆ

ಮೂಟೆಗಳನ್ನು ಇಳಿಸಿ ಶೆಡ್ಡಿನ ಹಿಂದೆ ಸೋಗೆಯ ಅಡಿ ಹಾಕಿದೆ. ಒಬ್ಬನೇ. ಸೊಂಟ ಹಿಡಿಯಿತು. ಅಕ್ಕಿ ಇಷ್ಟು ಭಾರ ಇರುತ್ತದಾ? ಚೀಲ ಬಿರಿಯುವಷ್ಟು ಜಡಿದಿದ್ದಾನೆ ಕಳ್ಳ. ಜಮಖಾನ ಮೊದಲಿನ ಹಾಗೆಯೇ ಹರಡಿದೆ. ವಾಪಸ್ ಬಂದಮೇಲೆ ಅವನ ಎದುರಿಗೇ ಬಿಚ್ಚಿಸುತ್ತೇನೆ.

ರಾಹುಕಾಲಕ್ಕೆ ಮೊದಲು ಹೊರಡಬೇಕು ಅಂತ ಅವ್ವ ಕೂಗುತ್ತಿದ್ದಾರೆ. ಶಾಂತ ದೇವರಿಗೆ ಕೈ ಮುಗಿದು ಬಂದು ಕೂತಳು. ಹಿಂದಿನ ಸೀಟಿಗೆ ಎರಡು ಹಾಸಿಗೆ ಹಾಸಿದ್ದೇನೆ. ತಲೆ ಅವ್ವನ ತೊಡೆಯ ಮೇಲೆ.

ಅದೇ ದಿನ, ಹುಲಿಕಲ್ ಗೇಟು

ಗೇಟಿನವನು ರಿಜಿಸ್ಟರು ತರಲು ಹೋಗಿದ್ದಾನೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಅವನೇ, ಪಟ್ಟಿ ಎಣಿಸಿದವನು. ಡಿಕ್ಕಿ ತೆಗೆಸಿದ. ಜಮಖಾನ ಎತ್ತಿದ. ಏನೂ ಇಲ್ಲ. ಅವನ ಮುಖ ನೋಡಬೇಕಿತ್ತು. ಬಚಾವಾದೆ. ನನ್ನ ಅನುಮಾನ ಇವತ್ತು ಮೂರು ಜನರನ್ನು ಉಳಿಸಿತು... ನಾಲ್ಕು ಅನ್ನಬೇಕು.

ರಸ್ತೆ ಕೆಟ್ಟಿದೆ. ಮಾಸ್ತಿಕಟ್ಟೆಯಿಂದ ಈಚೆಗೆ ಬರೀ ಜಲ್ಲಿ ಎದ್ದ ಗುಂಡಿ. ಹತ್ತು ಮೈಲಿ ವೇಗದಲ್ಲಿ ಬಂದರೂ ಕುಕ್ಕುತ್ತದೆ. ತಿರುವಿನಲ್ಲಿ ಮಾತ್ರ ಕದಲುವುದಿಲ್ಲ.

ಒಂದು ಮಾತು ಬರೆಯದೆ ಇರಲಾರೆ. ಮಾಸ್ತಿಕಟ್ಟೆ ದಾಟಿದ ಮೇಲೆ ಶಾಂತ ಕೇಳಿದಳು.

"ಹಿಂದೆ ಮೂಟೆ ಅದಾವಲ್ಲ?"

ಹಾಗಾದರೆ ಇವಳಿಗೂ ಗೊತ್ತು. ಇವಳೂ ಇದರಲ್ಲಿ ಇದ್ದಾಳೆ. ಕನ್ನಡಿಯಲ್ಲಿ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದಳು. ತಮ್ಮನ ಮಾಲು ಸುರಕ್ಷಿತವಾಗಿದೆಯಾ ಅಂತ ವಿಚಾರಿಸುತ್ತಾಳೆ, ಈ ಸ್ಥಿತಿಯಲ್ಲಿ.

"ಹೂಂ" ಅಂದೆ.

ಗೇಟು ತೆಗೆಯುತ್ತಿದ್ದಾರೆ.

10-3-66, ಆಸ್ಪತ್ರೆ

ಘಟ್ಟದ ಅರ್ಧಕ್ಕೆ ಅವ್ವ "ನಿಲ್ಸು" ಅಂದರು. ಹಾಸಿಗೆ ಒದ್ದೆಯಾಗಿತ್ತು. ನಿಲ್ಲಿಸಿ ಏನು ಮಾಡಲಿ, ಆ ಕಡೆ ಕಾಡು, ಈ ಕಡೆ ಕಾಡು. ಓಡಿಸಿದೆ. ಹೇಗೆ ಓಡಿಸಿದೆನೋ ನೆನಪಿಲ್ಲ.

ಸೋಮವಾರ ಸಂಜೆ ಹುಟ್ಟಿತು. ಹೆಣ್ಣು. ಅತ್ತದ್ದು ಬಾಗಿಲ ಹೊರಗೆ ನಮಗೂ ಕೇಳಿತು. ಮಾರನೇ ದಿನ ಮಧ್ಯಾಹ್ನದವರೆಗೆ ಇತ್ತು. ಕೂದಲು ತುಂಬಾ ಇತ್ತು. ಅಂಗೈ ನನ್ನ ಹೆಬ್ಬೆರಳಿನ ಉಗುರಿನಷ್ಟು.

ದಾರಿಯಲ್ಲಿ ಕುಲುಕಿದ್ದಕ್ಕೇ ಹೀಗಾಯಿತಾ ಅಂತ ಲೇಡಿ ಡಾಕ್ಟರನ್ನು ಕೇಳಿದೆ. "ಹೇಳೋದು ಕಷ್ಟ" ಅಂದರು. ಕಣ್ಣು ತಪ್ಪಿಸಿ ಹೇಳಿದರು. ಅವರಿಗೆ ಗೊತ್ತಿದೆ, ಹೇಳುವುದಿಲ್ಲ.

ಶಾಂತ ಬದುಕಿದ್ದಾಳೆ. ರಕ್ತ ಕೊಟ್ಟಿದ್ದಾರೆ. ಇನ್ನೂ ಒಳಗೆ ಬಿಟ್ಟಿಲ್ಲ, ಅವ್ವನನ್ನು ಮಾತ್ರ ಬಿಡುತ್ತಾರೆ.

11-3-66

ಹೂವಪ್ಪ ಬಂದ. ಹುಬ್ಬಳ್ಳಿಯಿಂದ ಲಾರಿ ಎಲ್ಲೂ ನಿಲ್ಲಿಸದೆ ಬಂದನಂತೆ. ಅವ್ವ ಹೇಳಿದ್ದನ್ನು ಕೇಳಿ ವರಾಂಡದ ಕಂಬಕ್ಕೆ ಒರಗಿ ನಿಂತ. ಆಮೇಲೆ ಹೋಗಿ ಕಾರಿನ ಡಿಕ್ಕಿ ತೆಗೆದ. ನಾನು ಹಿಂದೆಯೇ ಹೋದೆ. ಈಗ ಸಿಕ್ಕಿಬಿದ್ದ ಅಂದುಕೊಂಡೆ. ಆಗಲೂ ಹಾಗೆಯೇ ಅಂದುಕೊಂಡೆ ನಾನು.

"ಭಾವ, ಮರಳು ಎಲ್ಲಿ?"

ಯಾವ ಮರಳು ಅಂದೆ.

"ಎರಡು ಮೂಟೆ ಹಾಕಿದ್ನಲ್ಲ. ನಿಮ್ಮ ಅಂಗಳದ್ದೇ. ಖಾಲಿ ಇದ್ರೆ ಈ ಕಾರು ಕುಕ್ಕಿ ಕುಕ್ಕಿ ಹಾಕ್ತದೆ, ಹಿಂದೆ ಭಾರ ಬಿದ್ರೆ ತೊಟ್ಲು ಆಗ್ತದೆ. ಸಾಗರದಿಂದ ಹಿಂಡಿ ಮೂಟೆ ಹೇರ್ಕೊಂಡು ಬಂದ ದಿನ ಅಕ್ಕಂಗೆ ಗೊತ್ತಾತು. ಅವಳೇ ಹೇಳಿದ್ದು. ಒಂದು ಸಲ ಮರಳು ಹಾಕಿ, ನೀವಿಲ್ಲದಾಗ ಊರ ಸುತ್ತ ಕರ್ಕೊಂಡು ಹೋಗಿ ನೋಡಿದ್ದೆ. ಒಂಚೂರೂ ನೋವಿಲ್ಲ ಅಂದ್ಲು."

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

"ನಿಮ್ಮ ಕಮಾನಿಗೆ ಒಂದು ಮಾತು ಅಂದಿದ್ದಕ್ಕೆ ಉಣ್ಣದೆ ಎದ್ದು ಹೋಗೋ ಹಾಂಗೆ ಮಾಡಿದ್ರಿ. ಅಷ್ಟು ಆಸೆ ಪಟ್ಟು ಮಾಡಿದ್ದಾರೆ, ಬೇಜಾರು ಮಾಡ್ಕೊಳ್ತಾರೆ ಅಂತ ಅಕ್ಕನೇ ಹೇಳ್ಬೇಡ ಅಂದ್ಲು."

ಗೇಟಿನವರು ಇಳಿಸಿದ್ರಾ ಅಂತ ಅವನೇ ಕೇಳಿದ. ಇಲ್ಲ ಅಂದೆ. ಮತ್ತೆ ಯಾರು ಅಂತ ಕೇಳಲಿಲ್ಲ. ಡಿಕ್ಕಿ ಮುಚ್ಚಿ ಲಾರಿಯ ಕಡೆ ನಡೆದ. ನಾನು ಅಲ್ಲೇ ಬಿಸಿಲಲ್ಲಿ ನಿಂತಿದ್ದೆ. ಮರಳನ್ನು ತಬ್ಬಿಕೊಂಡು ಎಳೆದು ಹಾಕಿದ್ದು ಇದೇ ಕೈ.

13-3-66, ಭಾನುವಾರ

ಇವತ್ತು ಒಳಗೆ ಬಿಟ್ಟರು. ಮುಖ ಕಾಗದದಷ್ಟು ಬಿಳಿ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದಳು. ಅಕ್ಕಿ ಅಂದುಕೊಂಡು ಮೂಟೆ ಇಳಿಸಿದ್ದನ್ನು ನಿನ್ನೆ ಅವ್ವನಿಗೆ ಒಪ್ಪಿಕೊಂಡಿದ್ದೆ, ಅವ್ವ ಎಲ್ಲ ಹೇಳಿದ್ದಾರೆ ಅಂತ ಗೊತ್ತಾಯಿತು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೂಟೆ ಅದಾವಾ ಅಂತ ಕೇಳಿದ್ದೆ. ಹೂಂ ಅಂದ್ರಿ" ಅಂದಳು. "ಮೂಟೆ ಇದ್ದೂ ಇಷ್ಟು ಕುಕ್ತದೆ ಅಂದ್ರೆ ದಾರಿಯೇ ಹಾಂಗೆ ಅಂದ್ಕೊಂಡೆ. ತಡ್ಕೊಂಡೆ. ಇಲ್ಲಾಂದ್ರೆ ಅಲ್ಲೇ ನಿಲ್ಸಿ ಅಂತಿದ್ದೆ."

ಅವಳ ಕೈ ಹಿಡಿಯಲು ಹೋದೆ. ಕೊಸರಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಸುಮ್ಮನೆ ಇಟ್ಟುಕೊಂಡಿದ್ದಳು.

"ತೆಗೆದು ಹಾಕಿದ್ದು ಹೋಗ್ಲಿ. ಅಕ್ಕಿ ಅಂದ್ಕೊಂಡ್ರಿ, ಗೇಟಿಗೆ ಹೆದ್ರಿದ್ರಿ. ನಾನು ಕೇಳ್ದಾಗ ಹೂಂ ಅಂತ ಎಂತಕ್ಕೆ ಅಂದ್ರಿ?"

ಉತ್ತರ ಹೇಳುವ ಮೊದಲು ನರ್ಸ್ ಬಂದು ಎಬ್ಬಿಸಿದಳು. ಸಂಜೆ ನಾಲ್ಕಕ್ಕೆ ಮತ್ತೆ ಬಿಡುತ್ತಾರಂತೆ. ಅವಳು ಅದನ್ನೇ ಕೇಳುತ್ತಾಳೆ. ಇನ್ನು ಜೀವಮಾನವೆಲ್ಲ ಕೇಳದಿದ್ದರೂ ಅದನ್ನೇ ಕೇಳುತ್ತಿರುತ್ತಾಳೆ. ಸುಳ್ಳು ಹೇಳುವುದಿಲ್ಲ. ಏನು ಹೇಳಬೇಕೆಂದು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ಶಾಂತಾ, ಆ ಹೊತ್ತಿನಲ್ಲಿ ನಿನ್ನ ಮೇಲೂ ನನಗೆ...